ಇಲಿಗೆ ವಾಸಿಯಾಯಿತು, ಮನುಷ್ಯನಿಗೆ?

ಮಕ್ಕಳೇ, ಮಾವಿನ ತೋಪಿಗೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ. ಕೆಲವು ಕೊಂಬೆಗಳ ಮೇಲೆ ಮಾವಿನದಲ್ಲದ ಎಲೆಯ ಗಿಡವೊಂದು ಪೊದೆಯಂತೆ ಕುಳಿತಿರುತ್ತದೆ. ಅದೇ ಬಂದಳಿಕೆ. ಅದಕ್ಕೆ ಮಣ್ಣಿನ ಹಂಗಿಲ್ಲ. ಕೊಂಬೆಯೊಳಗೆ ಬೇರು ಚುಚ್ಚಿ, ಮರ ನೆಲದಿಂದ ಎಳೆದುಕೊಂಡ ನೀರನ್ನೇ ಕುಡಿದು ಅದು ಬೆಳೆಯುತ್ತದೆ. ಮರ ಸೊರಗುತ್ತದೆ, ಬಂದಳಿಕೆ ಹಸಿರಾಗಿರುತ್ತದೆ. ಅದಕ್ಕೇ ತೋಟದವರು ಅದನ್ನು ಕೊಂಬೆಯ ಸಮೇತ ಕಡಿದು ಹಾಕುತ್ತಾರೆ.

ನಮ್ಮ ಮೈಯಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆಯೂ ನಮ್ಮದೇ ರಕ್ತ ಕುಡಿದು ಬೆಳೆಯುತ್ತದೆ. ಆದರೆ ಅದು ಬಂದಳಿಕೆಗಿಂತ ಜಾಣ. ಬಂದಳಿಕೆ ತಾನೇ ಬೇರು ಇಳಿಸಬೇಕು. ಗಡ್ಡೆ ಮಾತ್ರ ಒಂದು ರಾಸಾಯನಿಕ ಸಂದೇಶವನ್ನು ಸುತ್ತಮುತ್ತ ಕಳಿಸುತ್ತದೆ. ಅದನ್ನು ನಂಬಿ ದೇಹವೇ ಹೊಸ ರಕ್ತನಾಳಗಳನ್ನು ಬೆಳೆಸಿ ಗಡ್ಡೆಯ ಬಾಗಿಲಿಗೆ ತಂದು ಜೋಡಿಸಿಕೊಡುತ್ತದೆ. ಕಳ್ಳನಿಗೆ ಮನೆಯವರೇ ನಲ್ಲಿ ಹಾಕಿಸಿಕೊಟ್ಟ ಹಾಗೆ!

ಹಾಗಿದ್ದರೆ ಆ ನಲ್ಲಿಯನ್ನು ಬಂದ್ ಮಾಡಿದರೆ ಗಡ್ಡೆ ಒಣಗುವುದಿಲ್ಲವೆ? ಈ ಪ್ರಶ್ನೆಯ ಬೆನ್ನು ಹತ್ತಿ ಸುಮಾರು ನಲವತ್ತೈದು ವರ್ಷ ದುಡಿದ ಒಬ್ಬ ವೈದ್ಯರ ಕಥೆಯನ್ನು ಈ ವಾರ ಹೇಳುತ್ತೇನೆ. ಕಥೆ ಮಕ್ಕಳಿಗೆ. ಅದರಲ್ಲಿ ಬರುವ ಒಂದು ಲೆಕ್ಕ ಮನೆಯ ಹಿರಿಯರಿಗೆ.

ಅವರ ಹೆಸರು ಜೂಡಾ ಫೋಕ್‌ಮನ್. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1933ರಲ್ಲಿ ಹುಟ್ಟಿದವರು. ತಂದೆ ಯಹೂದಿ ಧರ್ಮಗುರು. ಮಗನನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ ರೋಗಿಗಳಿಗೆ ಸಮಾಧಾನ ಹೇಳಿ ಬರುತ್ತಿದ್ದರು. ಹಾಸಿಗೆಯ ಪಕ್ಕದಲ್ಲಿ ನಿಂತು ನೋಡಿದ ಹುಡುಗನಿಗೆ ತಾನು ಪ್ರಾರ್ಥಿಸುವವನಿಗಿಂತ ಚಿಕಿತ್ಸೆ ಕೊಡುವವನಾಗಬೇಕು ಅನ್ನಿಸಿತಂತೆ. ಓದಿ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಾದರು.

1960ರ ಸುಮಾರಿಗೆ ಅವರು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಕೆಲಸಕ್ಕೂ ಕ್ಯಾನ್ಸರಿಗೂ ಸಂಬಂಧವೇ ಇರಲಿಲ್ಲ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗುಗಳಲ್ಲಿ ರಕ್ತವನ್ನು ಕೆಡದಂತೆ ಇಡುವುದು ಕಷ್ಟ. ರಕ್ತಕ್ಕೆ ಬದಲಾಗಿ ಬಳಸಬಹುದಾದ ದ್ರವವೊಂದು ಬೇಕಿತ್ತು. ಅದನ್ನು ಪರೀಕ್ಷಿಸಲು ಫೋಕ್‌ಮನ್ ಮತ್ತು ಅವರ ಜೊತೆಗಾರ ಫ್ರೆಡರಿಕ್ ಬೆಕರ್, ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅದರೊಳಗೆ ಈ ದ್ರವವನ್ನು ಹರಿಸಿ ಜೀವಂತವಾಗಿ ಇಟ್ಟಿದ್ದರು. ಅದರ ಮೇಲೆ ಏನಾದರೂ ಬೆಳೆಯುತ್ತದೆಯೇ ನೋಡೋಣವೆಂದು ಇಲಿಯ ಕ್ಯಾನ್ಸರ್ ಜೀವಕೋಶಗಳನ್ನು ಹಾಕಿದರು.

ಗಡ್ಡೆ ಬೆಳೆಯಿತು. ಗುಂಡುಪಿನ್ನಿನ ತಲೆಯಷ್ಟಾಯಿತು. ಅಲ್ಲಿಗೆ ನಿಂತುಬಿಟ್ಟಿತು! ಸತ್ತಿತೇ ಎಂದು ನೋಡಿದರೆ ಸತ್ತಿರಲಿಲ್ಲ. ಅದನ್ನೇ ತೆಗೆದು ಜೀವಂತ ಇಲಿಯ ಮೈಯೊಳಗೆ ಇಟ್ಟರೆ ದಡದಡನೆ ಬೆಳೆಯತೊಡಗಿತು. ಗಾಜಿನ ಪಾತ್ರೆಯಲ್ಲಿ ಇಲ್ಲದ್ದು, ಇಲಿಯ ಮೈಯಲ್ಲಿ ಇದ್ದದ್ದು ಯಾವುದು? ಹೊಸ ರಕ್ತನಾಳ. ಪಾತ್ರೆಯಲ್ಲಿದ್ದ ಗಡ್ಡೆಯೊಳಕ್ಕೆ ಒಂದು ನಾಳವೂ ಬೆಳೆದಿರಲಿಲ್ಲ.

ಇದರ ಲೆಕ್ಕ ಸರಳ. ನಮ್ಮ ಒಂದೊಂದು ಜೀವಕೋಶಕ್ಕೂ ಆಮ್ಲಜನಕ ಬೇಕು. ಅದು ಸೂಕ್ಷ್ಮ ರಕ್ತನಾಳದಿಂದ ಸುತ್ತಲಿನ ಕೋಶಗಳಿಗೆ ಜಿನುಗುತ್ತದೆ. ಹಾಗೆ ಜಿನುಗಿ ತಲುಪುವ ದೂರ ಮಿಲಿಮೀಟರಿನ ಹತ್ತನೇ ಒಂದು, ಹೆಚ್ಚೆಂದರೆ ಐದನೇ ಒಂದು ಭಾಗ. ಅದರಾಚೆಯ ಕೋಶಗಳು ಹಸಿದಿರಬೇಕು. ಹಾಗಾಗಿ ಸ್ವಂತ ರಕ್ತನಾಳವಿಲ್ಲದ ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಲಾರದು.

1967ರಲ್ಲಿ, ಇನ್ನೂ 34 ವರ್ಷದವರಿರುವಾಗ, ಫೋಕ್‌ಮನ್ ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರಚಿಕಿತ್ಸಕರಾದರು. 1971ರಲ್ಲಿ ತಮ್ಮ ವಿಚಾರವನ್ನು ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗಡ್ಡೆ ಸಂದೇಶ ಕಳಿಸಿ ರಕ್ತನಾಳ ತರಿಸಿಕೊಳ್ಳುತ್ತದೆ, ಆ ಸಂದೇಶವನ್ನು ತಡೆದರೆ ಗಡ್ಡೆ ಗುಂಡುಪಿನ್ನಿನ ತಲೆಯಷ್ಟರಲ್ಲೇ ಉಳಿಯುತ್ತದೆ ಎಂದು ಬರೆದರು. ಹೆಚ್ಚಿನವರು ನಂಬಲಿಲ್ಲ. ಗಡ್ಡೆಯ ಸುತ್ತ ಕಾಣುವ ನಾಳಗಳು ಬರೀ ಊತದ ಲಕ್ಷಣ ಎಂಬುದು ಆಗಿನ ತಿಳಿವಳಿಕೆ. ಕತ್ತರಿ ಹಿಡಿಯುವ ಸರ್ಜನ್‌ಗೆ ಜೀವಕೋಶದ ಗುಟ್ಟು ಏನು ಗೊತ್ತು ಎಂಬ ತಾತ್ಸಾರವೂ ಇತ್ತು.

ಅವರು ವಾದಕ್ಕೆ ನಿಲ್ಲಲಿಲ್ಲ, ಪ್ರಯೋಗ ಮಾಡಿ ತೋರಿಸಿದರು. ಕನ್ನಡಿಯಲ್ಲಿ ನಿಮ್ಮ ಕಣ್ಣು ನೋಡಿಕೊಳ್ಳಿ. ಕಪ್ಪು ಗುಡ್ಡೆಯ ಮುಂದೆ ಗಾಜಿನಂಥ ಪೊರೆಯೊಂದಿದೆ. ಅದೇ ಕಾರ್ನಿಯಾ. ಅದರಲ್ಲಿ ಒಂದೂ ರಕ್ತನಾಳ ಇರುವುದಿಲ್ಲ. ಇದ್ದರೆ ನಮಗೆ ಸರಿಯಾಗಿ ಕಾಣಿಸುವುದೇ ಇಲ್ಲ. ಮೊಲದ ಕಾರ್ನಿಯಾದಲ್ಲಿ, ಅಂಚಿನ ರಕ್ತನಾಳಗಳಿಂದ ತುಸು ದೂರದಲ್ಲಿ, ಗಡ್ಡೆಯ ಚೂರೊಂದನ್ನು ಅವರು ಇಟ್ಟರು. ಕೆಲವು ದಿನಗಳಲ್ಲಿ ಅಂಚಿನಿಂದ ಹೊಸ ನಾಳಗಳು ಹೊರಟು, ನೇರವಾಗಿ ಗಡ್ಡೆಯ ಕಡೆಗೇ ಸಾಗಿದವು. ನಾಳ ಮುಟ್ಟುವವರೆಗೆ ಸುಮ್ಮನಿದ್ದ ಗಡ್ಡೆ, ಮುಟ್ಟಿದ ಮೇಲೆ ಬೆಳೆಯಿತು. ಸಂದೇಶ ಹೋಗಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಂದೇಶವನ್ನು ಹೊತ್ತೊಯ್ಯುವ ವಸ್ತು ಯಾವುದು ಎಂಬುದನ್ನು ಹುಡುಕಲು ಮತ್ತಷ್ಟು ವರ್ಷ ಹಿಡಿಯಿತು. ಸಂಶೋಧನೆಗೆ ಸಮಯ ಸಾಲದೆ 1981ರಲ್ಲಿ ಫೋಕ್‌ಮನ್ ಮುಖ್ಯ ಶಸ್ತ್ರಚಿಕಿತ್ಸಕರ ಹುದ್ದೆಯನ್ನೇ ಬಿಟ್ಟರು. 1984ರಲ್ಲಿ ಅವರ ಪ್ರಯೋಗಾಲಯದಿಂದ ಇಂಥ ಮೊದಲ ವಸ್ತು ಹೊರಬಂತು. 1989ರಲ್ಲಿ ಕ್ಯಾಲಿಫೋರ್ನಿಯದ ಔಷಧ ಕಂಪನಿಯೊಂದರಲ್ಲಿದ್ದ ನೆಪೋಲಿಯೋನ್ ಫೆರಾರಾ ಇದಕ್ಕಿಂತಲೂ ಮುಖ್ಯವಾದ ಸಂದೇಶವನ್ನು ಬೇರ್ಪಡಿಸಿದರು. ಅದಕ್ಕೆ ವಿಇಜಿಎಫ್ ಎಂದು ಹೆಸರು. ನಮಗೆ ಗಾಯವಾದಾಗ ಅದು ಮಾಯಲು ಹೊಸ ನಾಳ ಕಟ್ಟಿಸುವುದೂ ಇದೇ ವಸ್ತು. ಗಡ್ಡೆ ಕದಿಯುವುದು ದೇಹದ ಈ ಒಳ್ಳೆಯ ಏರ್ಪಾಟನ್ನೇ.

'ಬಾ' ಎನ್ನುವ ಸಂದೇಶವಿದ್ದರೆ 'ನಿಲ್ಲು' ಎನ್ನುವುದೂ ಇರಬೇಕಲ್ಲ? ಇಲ್ಲದಿದ್ದರೆ ಮೈತುಂಬ ನಾಳಗಳು ಹಬ್ಬುತ್ತಿದ್ದವು. ಸರ್ಜನ್‌ಗಳು ಒಂದು ವಿಚಿತ್ರವನ್ನು ಕಂಡಿದ್ದರು. ಕೆಲವು ಸಲ ದೊಡ್ಡ ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ, ಅದುವರೆಗೆ ಸುಮ್ಮನಿದ್ದ ಸಣ್ಣ ಗಡ್ಡೆಗಳು ಬೇರೆ ಕಡೆ ಎದ್ದುಬಿಡುತ್ತಿದ್ದವು. ದೊಡ್ಡದು ತಾನು ಬೆಳೆಯುತ್ತ ಸಣ್ಣವಕ್ಕೆ 'ನಿಲ್ಲು' ಸಂದೇಶ ಕಳಿಸುತ್ತಿರಬೇಕು ಎಂದು ಫೋಕ್‌ಮನ್ ಊಹಿಸಿದರು. ಅವರ ಜೊತೆಗಿದ್ದ ಮೈಕೆಲ್ ಓರೈಲಿ ಎಂಬ ಯುವ ವೈದ್ಯರು ಗಡ್ಡೆಯಿದ್ದ ಇಲಿಗಳ ಮೂತ್ರವನ್ನು ಕೂಡಿಟ್ಟು, ಸೋಸಿ ಸೋಸಿ ಅದನ್ನು ಹುಡುಕಿದರು. ಇಲಿಯ ಮೂತ್ರ ಶೇಖರಿಸುವುದೆಂದರೆ ನಗು ಬರುತ್ತದೆ, ಅಲ್ಲವೆ? ಆ ಕೆಲಸದಿಂದಲೇ 1994ರಲ್ಲಿ ಆಂಜಿಯೋಸ್ಟಾಟಿನ್ ಎಂಬ ಪ್ರೋಟೀನ್ ಸಿಕ್ಕಿತು. 1997ರಲ್ಲಿ ಎಂಡೋಸ್ಟಾಟಿನ್ ಎಂಬ ಇನ್ನೊಂದು ಸಿಕ್ಕಿತು. ಎರಡೂ ದೇಹದಲ್ಲೇ ಇರುವ ದೊಡ್ಡ ಪ್ರೋಟೀನ್‌ಗಳ ತುಂಡುಗಳು.

ಎಂಡೋಸ್ಟಾಟಿನ್ ಚುಚ್ಚಿದ ಇಲಿಗಳಲ್ಲಿ ಗಡ್ಡೆ ಕುಗ್ಗಿತು. ಬಿಟ್ಟರೆ ಮತ್ತೆ ಬೆಳೆಯಿತು, ಮತ್ತೆ ಕೊಟ್ಟರೆ ಮತ್ತೆ ಕುಗ್ಗಿತು. ಹೀಗೆ ಕೆಲವು ಸುತ್ತು ಕೊಟ್ಟ ಮೇಲೆ ಔಷಧ ನಿಲ್ಲಿಸಿದರೂ ಗಡ್ಡೆ ಏಳಲೇ ಇಲ್ಲ. ಈ ವರದಿ 1997ರ ನವೆಂಬರ್ ಕೊನೆಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ದಿನಪತ್ರಿಕೆಗಳೂ ಆಗಲೇ ಸುದ್ದಿ ಮಾಡಿದವು. ದೊಡ್ಡ ಗದ್ದಲವೇನೂ ಆಗಲಿಲ್ಲ.

ಈಗ ಹಿರಿಯರಿಗೆ ಹೇಳಿದ ಲೆಕ್ಕಕ್ಕೆ ಬರುತ್ತೇನೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನಿಗೆ ಇಂಥ ಅಂಕಿಗಳು ಕಣ್ಣಿಗೆ ಬೀಳದೆ ಇರುವುದಿಲ್ಲ.

ಐದು ತಿಂಗಳ ನಂತರ, 1998ರ ಮೇ 3ರ ಭಾನುವಾರ, 'ನ್ಯೂಯಾರ್ಕ್ ಟೈಮ್ಸ್' ಇದೇ ಸಂಗತಿಯನ್ನು ಮುಖಪುಟದಲ್ಲಿ ಹಾಕಿತು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್, ಜೂಡಾ ಇನ್ನೆರಡು ವರ್ಷದಲ್ಲಿ ಕ್ಯಾನ್ಸರನ್ನು ವಾಸಿ ಮಾಡುತ್ತಾರೆ ಎಂದು ಹೇಳಿದರೆಂದು ಅದರಲ್ಲಿ ಅಚ್ಚಾಗಿತ್ತು. ನಾನು ಹಾಗೆ ಹೇಳಿಲ್ಲವೆಂದು ವಾಟ್ಸನ್ ಆಮೇಲೆ ಪತ್ರಿಕೆಗೆ ಪತ್ರ ಬರೆದರು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ಈ ಔಷಧ ತಯಾರಿಸುವ ಹಕ್ಕು ಎಂಟ್ರಿಮೆಡ್ ಎಂಬ ಸಣ್ಣ ಕಂಪನಿಯ ಕೈಯಲ್ಲಿತ್ತು. ಶುಕ್ರವಾರ ಸಂಜೆ ಅದರ ಒಂದು ಶೇರಿನ ಬೆಲೆ 12 ಡಾಲರ್ ಚಿಲ್ಲರೆ. ಸೋಮವಾರ ಬೆಳಿಗ್ಗೆ ಪೇಟೆ ತೆರೆದಾಗ 85 ಡಾಲರ್! ಸಂಜೆಗೆ 52ರ ಆಸುಪಾಸಿನಲ್ಲಿ ನಿಂತಿತು. ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ ಹೊಸದಾಗಿ ಒಂದು ಇಲಿಗೂ ವಾಸಿಯಾಗಿರಲಿಲ್ಲ. ಹೊಸ ಪ್ರಯೋಗ ನಡೆದಿರಲಿಲ್ಲ. ಒಬ್ಬ ಮನುಷ್ಯನಿಗೂ ಆ ಔಷಧ ಕೊಟ್ಟಿರಲಿಲ್ಲ. ಐದು ತಿಂಗಳು ಹಳೆಯ ಸುದ್ದಿ ಮುಖಪುಟಕ್ಕೆ ಬಂದಿತ್ತು, ಅಷ್ಟೆ. ಗರ್ ಹ್ಯೂಬರ್‌ಮನ್ ಮತ್ತು ಟೋಮರ್ ರೆಗೆವ್ ಎಂಬ ವಾಣಿಜ್ಯಶಾಸ್ತ್ರದ ವಿದ್ವಾಂಸರು ಈ ಘಟನೆಯ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಹಣಕಾಸು ಕಲಿಯುವವರು ಈಗಲೂ ಅದನ್ನು ಓದುತ್ತಾರೆ.

ಶೇರಿನಲ್ಲಿ ಕಳೆದುಕೊಂಡವರು ದುಡ್ಡು ಕಳೆದುಕೊಂಡರು. ಅದು ಹೋಗಲಿ. ಅದೇ ವಾರ ಬಾಸ್ಟನ್‌ನ ಆಸ್ಪತ್ರೆಗೆ ರೋಗಿಗಳ ಮನೆಯವರಿಂದ ಒಂದೇ ಸಮನೆ ಫೋನ್ ಬರತೊಡಗಿತು. ನಮ್ಮಮ್ಮನಿಗೆ ಕೊಡಿ, ನಮ್ಮ ಮಗುವಿಗೆ ಕೊಡಿ ಎಂಬ ಮೊರೆ. ಕೊಡಲು ಔಷಧವೇ ಇರಲಿಲ್ಲ. ನೀವು ಇಲಿಯಾಗಿದ್ದು ನಿಮಗೆ ಕ್ಯಾನ್ಸರ್ ಬಂದಿದ್ದರೆ ನಾವು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು ಫೋಕ್‌ಮನ್ ಹೇಳುತ್ತಿದ್ದರು. ತಮಾಷೆಯಂತೆ ಕೇಳಿಸಿದರೂ ಅದು ಪ್ರಾಮಾಣಿಕ ಮಾತು.

1999ರಲ್ಲಿ ಎಂಡೋಸ್ಟಾಟಿನ್ ಮನುಷ್ಯರ ಮೇಲಿನ ಪರೀಕ್ಷೆಗೆ ಬಂತು. ತೊಂದರೆಯೇನೂ ಮಾಡಲಿಲ್ಲ. ಕೆಲವರಲ್ಲಿ ಗಡ್ಡೆ ಸ್ವಲ್ಪ ತಡೆದು ನಿಂತಿತು, ಹೆಚ್ಚಿನವರಲ್ಲಿ ಬೆಳೆಯುತ್ತಲೇ ಹೋಯಿತು. ಜೊತೆಗೆ ಇನ್ನೊಂದು ತೊಡಕು. ಈ ಪ್ರೋಟೀನನ್ನು ಕಾರ್ಖಾನೆಯಲ್ಲಿ ತಯಾರಿಸುವುದು ಕಷ್ಟ, ಖರ್ಚೂ ಹೆಚ್ಚು. ರಕ್ತದಲ್ಲಿ ಅದು ಬೇಗ ಕರಗಿಹೋಗುವುದರಿಂದ ದಿನವೂ ಕೊಡುತ್ತಿರಬೇಕು.

ಆಗಲೇ ಜೀನ್ ಚಿಕಿತ್ಸೆಯ ಆಸೆ ಮೂಡಿದ್ದು. ಜೀನ್ ಅಥವಾ ವಂಶವಾಹಿ ಎಂದರೆ ಪ್ರೋಟೀನ್ ತಯಾರಿಸುವ ವಿಧಾನ ಬರೆದಿಟ್ಟ ಚೀಟಿ ಇದ್ದಂತೆ. ದಿನಾ ಹೋಟೆಲಿನಿಂದ ಸಾರು ತರಿಸುವ ಬದಲು, ಸಾರು ಮಾಡುವ ವಿಧಾನ ಬರೆದ ಚೀಟಿಯನ್ನು ಮನೆಗೇ ಕಳಿಸಿದರೆ ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ? ಎಂಡೋಸ್ಟಾಟಿನ್‌ನ ಜೀನನ್ನೇ ದೇಹದ ಕೋಶಗಳಿಗೆ ತಲುಪಿಸಿದರೆ ಅವು ತಾವೇ ದಿನಾ ಔಷಧ ತಯಾರಿಸುತ್ತವೆ. ಚೀಟಿಯನ್ನು ಕೋಶದೊಳಗೆ ಮುಟ್ಟಿಸುವ ಅಂಚೆಯವನಾಗಿ ವೈರಸ್ಸನ್ನೇ ಬಳಸುತ್ತಾರೆ. ನೆಗಡಿ ತರುವ ಅಡಿನೋವೈರಸ್‌ನಿಂದ ಅದು ವೃದ್ಧಿಯಾಗಲು ಬೇಕಾದ ಜೀನ್‌ಗಳನ್ನು ತೆಗೆದು, ಆ ಜಾಗದಲ್ಲಿ ನಮಗೆ ಬೇಕಾದ ಜೀನನ್ನು ಇಟ್ಟು ಕಳಿಸುವುದು.

1999ರಲ್ಲಿ ವೈರಸ್ ಇಲ್ಲದೆಯೇ ಎಂಡೋಸ್ಟಾಟಿನ್ ಜೀನನ್ನು ಇಲಿಯ ಸ್ನಾಯುವಿಗೆ ಚುಚ್ಚಿದರು. ಗಡ್ಡೆ ನಿಧಾನವಾಯಿತು. 2001ರಲ್ಲಿ ಫೋಕ್‌ಮನ್ ಅವರೂ ಸೇರಿದ್ದ ತಂಡ, ನಾಳ ತಡೆಯುವ ಬೇರೆ ಬೇರೆ ಜೀನ್‌ಗಳನ್ನು ಅಡಿನೋವೈರಸ್ಸಿನಲ್ಲಿಟ್ಟು ಇಲಿಗಳ ಮೇಲೆ ಹೋಲಿಸಿ ನೋಡಿತು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ವಿಇಜಿಎಫ್ ಸಂದೇಶವನ್ನು ದಾರಿಯಲ್ಲೇ ಹಿಡಿದುಕೊಳ್ಳುವ ಪ್ರೋಟೀನಿನ ಜೀನ್. ಎಂಡೋಸ್ಟಾಟಿನ್ ಹಿಂದೆ ಬಿತ್ತು. ತಮ್ಮ ಕೂಸೇ ಹಿಂದೆ ಬಿದ್ದ ಫಲಿತಾಂಶಕ್ಕೆ ಫೋಕ್‌ಮನ್ ಹೆಸರು ಹಾಕಿ ಪ್ರಕಟಿಸಿದರು. ವಿಜ್ಞಾನದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಅಂಚೆಯವನನ್ನು ಎಲ್ಲ ಮನೆಯವರೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗ, ಯಕೃತ್ತಿನ ಬೇರೊಂದು ಕಾಯಿಲೆಯ ಜೀನ್ ಚಿಕಿತ್ಸೆಯ ಪರೀಕ್ಷೆಗೆ ತಾನಾಗಿ ಮುಂದೆ ಬಂದ. ಅವನ ಕಾಯಿಲೆ ಹತೋಟಿಯಲ್ಲಿತ್ತು. ಮುಂದೆ ಆ ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳಿಗೆ ಉಪಯೋಗವಾಗಲಿ ಎಂದು ಒಪ್ಪಿದ್ದ. ಅಡಿನೋವೈರಸ್ ಕೊಟ್ಟ ಕೂಡಲೇ ಅವನ ದೇಹ ಅದರ ಮೇಲೆ ಉಗ್ರವಾಗಿ ತಿರುಗಿಬಿತ್ತು. ನಾಲ್ಕೇ ದಿನಕ್ಕೆ ತೀರಿಕೊಂಡ. ಆಮೇಲೆ ಜೀನ್ ಚಿಕಿತ್ಸೆಯ ನಿಯಮಗಳು ಬಿಗಿಯಾದವು. ಈ ದಾರಿ ಯಾಕಿಷ್ಟು ನಿಧಾನ ಎಂದು ಕೇಳುವವರು ಆ ಹುಡುಗನನ್ನು ನೆನೆಯಬೇಕು.

ನಿಧಾನವಾಗಿಯಾದರೂ ಕೆಲಸ ಮುಂದುವರಿಯಿತು. ಇಸ್ರೇಲಿನ ವಿಬಿಎಲ್ ಎಂಬ ಕಂಪನಿ, ಹೊಸ ನಾಳಗಳ ಗೋಡೆಯ ಕೋಶಗಳಲ್ಲಿ ಮಾತ್ರ ಎಚ್ಚರಗೊಂಡು ಅವನ್ನು ಸಾಯಿಸುವ ಜೀನನ್ನು ಅಡಿನೋವೈರಸ್ಸಿನಲ್ಲಿ ಕಳಿಸುವ ಚಿಕಿತ್ಸೆ ರೂಪಿಸಿತು. ಅದರ ಹೆಸರು ವಿಬಿ-111. ಮೊದಲ ಸಣ್ಣ ಪರೀಕ್ಷೆಗಳು ಆಸೆ ಹುಟ್ಟಿಸಿದವು. ಕೊನೆಯ ಹಂತದ ದೊಡ್ಡ ಪರೀಕ್ಷೆಯಲ್ಲಿ, 2018ರಲ್ಲಿ ಮೆದುಳಿನ ಕ್ಯಾನ್ಸರಿಗೂ, 2022ರಲ್ಲಿ ಅಂಡಾಶಯದ ಕ್ಯಾನ್ಸರಿಗೂ ಅದು ಸೋತಿತು. ಅದನ್ನು ಪಡೆದವರು ಪಡೆಯದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ.

ಹಾಗಾದರೆ ಎಲ್ಲ ಸುಳ್ಳೇ? ಖಂಡಿತ ಅಲ್ಲ. ವಿಚಾರ ಸರಿಯಾಗಿತ್ತು, ಗೆಲುವು ಬೇರೆ ಬಾಗಿಲಿನಿಂದ ಬಂತು. ಫೆರಾರಾ ಕಂಡುಹಿಡಿದ ವಿಇಜಿಎಫ್ ಅನ್ನು ಹಿಡಿದು ನಿಲ್ಲಿಸುವ ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ 2004ರ ಫೆಬ್ರುವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಇದು ಜೀನ್ ಅಲ್ಲ, ಡ್ರಿಪ್ ಮೂಲಕ ಕೊಡುವ ಪ್ರೋಟೀನ್. ಮೈಯೆಲ್ಲ ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ, ಬರೀ ಕೀಮೋ ಪಡೆದವರು ಬದುಕಿದ ಮಧ್ಯಮ ಅವಧಿ 15.6 ತಿಂಗಳು. ಜೊತೆಗೆ ಈ ಔಷಧವನ್ನೂ ಪಡೆದವರದು 20.3 ತಿಂಗಳು. ವ್ಯತ್ಯಾಸ ಐದು ತಿಂಗಳಿಗೂ ಕಡಿಮೆ. ಶೇರುಪೇಟೆ ಒಂದೇ ದಿನದಲ್ಲಿ ಕಟ್ಟಿದ ಕನಸಿನ ಮುಂದೆ ಇದು ಚಿಲ್ಲರೆಯಂತೆ ಕಾಣಬಹುದು. ಆದರೆ ಆ ಐದು ತಿಂಗಳಲ್ಲಿ ಮನೆಯೊಂದರಲ್ಲಿ ಮಗಳ ಮದುವೆ ನಡೆದಿರುತ್ತದೆ, ಮೊಮ್ಮಗು ಹುಟ್ಟಿರುತ್ತದೆ. ಅದನ್ನು ಚಿಲ್ಲರೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪೂರ್ತಿ ವಾಸಿಯಾಗದೆ ಇರುವುದಕ್ಕೆ ಕಾರಣವಿದೆ. ಒಂದು ನಲ್ಲಿ ಬಂದ್ ಮಾಡಿದರೆ ಗಡ್ಡೆ ಬೇರೆ ರಾಸಾಯನಿಕದಿಂದ ಬೇರೆ ನಾಳವನ್ನು ಕರೆಸಿಕೊಳ್ಳುತ್ತದೆ, ಇಲ್ಲವೆ ಹಳೆಯ ನಾಳಗಳ ಪಕ್ಕದಲ್ಲೇ ತೆವಳಿಕೊಂಡು ಬೆಳೆಯುತ್ತದೆ. ಪ್ರಯೋಗದ ಇಲಿಯ ಗಡ್ಡೆ ಕೆಲವೇ ವಾರಗಳದ್ದು, ಅದರ ನಾಳಗಳೆಲ್ಲ ಎಳೆಯವು. ಮನುಷ್ಯನ ಗಡ್ಡೆ ಎಷ್ಟೋ ವರ್ಷಗಳಿಂದ ಬೆಳೆದದ್ದು, ಅದರ ನಾಳಗಳು ಬಲಿತಿರುತ್ತವೆ. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ರಾಕೇಶ್ ಜೈನ್ ಇನ್ನೊಂದು ಸೂಕ್ಷ್ಮವನ್ನು ತೋರಿಸಿದರು. ಗಡ್ಡೆಯ ನಾಳಗಳು ಸೊಟ್ಟಪಟ್ಟ, ಸೋರುವ ಪೈಪುಗಳಂತೆ ಇರುತ್ತವೆ. ಅದರಿಂದ ಕೀಮೋ ಔಷಧವೂ ಒಳಗೆ ಸರಿಯಾಗಿ ತಲುಪುವುದಿಲ್ಲ. ವಿಇಜಿಎಫ್ ತಡೆಯುವ ಔಷಧವನ್ನು ಹದವಾಗಿ ಕೊಟ್ಟರೆ ನಾಳಗಳು ಸ್ವಲ್ಪ ಕಾಲ ನೆಟ್ಟಗಾಗುತ್ತವೆ, ಆಗ ಕೀಮೋ ಒಳಗೆ ಹೋಗುತ್ತದೆ. ಈ ಔಷಧವನ್ನು ಸಾಮಾನ್ಯವಾಗಿ ಕೀಮೋ ಜೊತೆಗೇ ಕೊಡುವುದಕ್ಕೆ ಇದೂ ಒಂದು ವಿವರಣೆ.

ಇದರ ಇನ್ನೊಂದು ಫಲ ಸಿಕ್ಕಿದ್ದು ಕಣ್ಣಿಗೆ. ವಯಸ್ಸಾದವರಲ್ಲಿ ಕೆಲವರಿಗೆ ಕಣ್ಣಿನ ಹಿಂಭಾಗದ ರೆಟಿನಾದ ಕೆಳಗೆ ಬೇಡದ ನಾಳಗಳು ಬೆಳೆದು ಸೋರಿ ದೃಷ್ಟಿ ಹೋಗುತ್ತದೆ. ಸಕ್ಕರೆ ಕಾಯಿಲೆಯವರ ಕಣ್ಣಿಗೂ ಇಂಥ ತೊಂದರೆ ಉಂಟು. ಅಲ್ಲಿಯೂ ವಿಇಜಿಎಫ್‌ನದೇ ಕೈವಾಡ. ಇದೇ ಗುಂಪಿನ ಔಷಧಗಳನ್ನು ಕಣ್ಣೊಳಗೆ ಚುಚ್ಚಿ ಲಕ್ಷಾಂತರ ಜನರ ದೃಷ್ಟಿ ಉಳಿಸಿದ್ದಾರೆ. ನಿಮ್ಮ ಅಜ್ಜನೋ ಅಜ್ಜಿಯೋ ಆಗಾಗ ಕಣ್ಣಿಗೆ ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತಿದ್ದರೆ ಅದು ಇದೇ ಇರಬಹುದು. ಪದೇ ಪದೇ ಚುಚ್ಚುವುದನ್ನು ತಪ್ಪಿಸಲು, ಒಮ್ಮೆ ಜೀನ್ ಕೊಟ್ಟು ಕಣ್ಣೇ ಔಷಧ ತಯಾರಿಸಿಕೊಳ್ಳುವಂತೆ ಮಾಡುವ ಪರೀಕ್ಷೆಗಳೂ ನಡೆದಿವೆ. ಗಡ್ಡೆಗಾಗಿ ಕಂಡ ಜೀನ್ ಚಿಕಿತ್ಸೆಯ ಕನಸು ಕಣ್ಣಿನಲ್ಲಿ ಮೊದಲು ನನಸಾದೀತು.

ಬೆಂಗಳೂರಿನ ಬಯೋಕಾನ್ ಕಂಪನಿ 2017ರಲ್ಲಿ ಬೆವಾಸಿಜುಮ್ಯಾಬ್‌ನ ತನ್ನದೇ ರೂಪವನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಹೀಗಾಗಿ ಗುಂಡುಪಿನ್ನಿನ ತಲೆಯಷ್ಟಕ್ಕೆ ನಿಂತ ಆ ಗಡ್ಡೆಯ ಕಥೆ ನಮ್ಮೂರಿನವರೆಗೂ ಬಂದಿದೆ.

ಫೋಕ್‌ಮನ್ 2008ರ ಜನವರಿಯಲ್ಲಿ, ಉಪನ್ಯಾಸಕ್ಕೆಂದು ಹೊರಟವರು, ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 74 ವರ್ಷ. ತಾವು ಹಿಡಿದ ವಿಚಾರ ಔಷಧವಾಗಿ ಅಂಗಡಿಗೆ ಬಂದದ್ದನ್ನು ನೋಡಿದ್ದರು. ಎರಡೇ ವರ್ಷದಲ್ಲಿ ಕ್ಯಾನ್ಸರ್ ಹೋಗುತ್ತದೆ ಎಂದು ಅವರು ಎಂದೂ ಹೇಳಿರಲಿಲ್ಲ.

'ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು' ಎಂಬ ಸುದ್ದಿ ಈಗ ಮುಖಪುಟಕ್ಕೂ ಕಾಯುವುದಿಲ್ಲ. ಮೊಬೈಲಿಗೇ ಬರುತ್ತದೆ, ಅದೂ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿರುವಾಗಲೇ ನಾಲ್ಕು ಜನ ನೆಂಟರು ಕಳಿಸುತ್ತಾರೆ. ಆಗ ಹಿರಿಯರು ಮೂರು ಪ್ರಶ್ನೆ ಕೇಳಿಕೊಳ್ಳಿ. ವಾಸಿಯಾದದ್ದು ಇಲಿಗೋ, ಮನುಷ್ಯನಿಗೋ? ಮನುಷ್ಯನಿಗಾದರೆ ಎಷ್ಟು ಜನರಿಗೆ ಕೊಟ್ಟು ನೋಡಿದರು? ಕೊಡದೆ ಇದ್ದವರ ಜೊತೆ ಹೋಲಿಸಿದರೋ? ಉತ್ತರ ಸಿಗುವವರೆಗೆ ನಡೆಯುತ್ತಿರುವ ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸಬೇಡಿ. ಸುದ್ದಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ನಿಮ್ಮ ಡಾಕ್ಟರನ್ನೇ ಕೇಳಿ. ಸಂಕೋಚ ಬೇಡ.

ಮಕ್ಕಳೇ, ನಿಮಗೊಂದು ಕೆಲಸ. ನಮ್ಮ ಮೈಯಲ್ಲಿ ಕಾರ್ನಿಯಾದಂತೆ ರಕ್ತನಾಳವೇ ಇಲ್ಲದ ಭಾಗ ಇನ್ನೊಂದಿದೆ. ಕಿವಿಯ ಮೇಲ್ಭಾಗವನ್ನು ಬಗ್ಗಿಸಿದರೆ, ಚರ್ಮದ ಒಳಗೆ ಗಟ್ಟಿಯಾಗಿ ಆದರೂ ಬಾಗುವಂತೆ ಕೈಗೆ ಸಿಗುತ್ತದೆ. ಅದಕ್ಕೆ ಏನೆನ್ನುತ್ತಾರೆ? ರಕ್ತವಿಲ್ಲದೆ ಅದು ಬದುಕುವುದು ಹೇಗೆ? ನಿಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಳ್ಳಿ. 'ನಿಲ್ಲು' ಎನ್ನುವ ವಸ್ತುವನ್ನು ಫೋಕ್‌ಮನ್ ತಂಡ ಮೊಟ್ಟಮೊದಲು ಹುಡುಕಲು ಹೋದದ್ದು ಅಲ್ಲಿಗೇ.